ವಿಮಾನ ಟಿಕೆಟ್ ಕಂತಿನಲ್ಲಿ ತೆಗೆಯುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೀರಿ

ಕಂತಿನಲ್ಲಿ ವಿಮಾನ ಟಿಕೆಟ್ ತೆಗೆಯಲು ಹೋಗಿ ಕೈ ಸುಟ್ಟುಕೊಂಡವರನ್ನು ವಿಚಾರಿಸಿ ನೋಡಿ, ಹೆಚ್ಚುಕಮ್ಮಿ ಎಲ್ಲರೂ ಒಂದೇ ಜಾಗದಲ್ಲಿ ಎಡವಿರುತ್ತಾರೆ. ಮೊದಲು ವಿಮಾನ ಹುಡುಕುತ್ತಾರೆ, ಸೀಟು ಆರಿಸುತ್ತಾರೆ, ಎಲ್ಲರ ಹೆಸರು ತುಂಬುತ್ತಾರೆ, ಕೊನೆಗೆ ಹಣ ಕಟ್ಟುವ ಪುಟಕ್ಕೆ ಬಂದಾಗ ಕಂತಿನ ವಿಷಯ ನೆನಪಾಗುತ್ತದೆ. ಅಷ್ಟರಲ್ಲಿ ಪುಟದ ಮೂಲೆಯಲ್ಲಿ ನಿಮಿಷಗಳು ಕಡಿಮೆಯಾಗುತ್ತಾ ಬರುತ್ತಿರುತ್ತವೆ. ಆ ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಯೋಜನೆಯನ್ನು ಒತ್ತಿಬಿಡುತ್ತಾರೆ. ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಮೊದಲು ಸಾಲದ ವಿಷಯ ಗಟ್ಟಿ ಮಾಡಿಕೊಳ್ಳಬೇಕು, ವಿಮಾನ ಹುಡುಕುವುದು ಆಮೇಲೆ.

ಇನ್ನೊಂದು ಮಾತನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಟಿಕೆಟ್ ಬೇರೆ, ಸಾಲ ಬೇರೆ. ಟಿಕೆಟ್ ಕೊಡುವವರು ಒಬ್ಬರು, ಹಣ ಹಾಕುವವರು ಇನ್ನೊಬ್ಬರು. ಟಿಕೆಟ್ ರದ್ದಾದರೆ ಸಾಲವೂ ತಾನಾಗಿ ರದ್ದಾಗುತ್ತದೆ ಎಂದುಕೊಂಡರೆ ಮೋಸ ಹೋಗುತ್ತೀರಿ.

ಕೂರುವ ಮೊದಲು ಕೈಯಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ ಎದುರಿಗೇ ಇರಲಿ, ನೆನಪಿನಿಂದ ಹೆಸರು ಬರೆಯಬೇಡಿ. ಕಾರ್ಡ್, ಅದಕ್ಕೆ ಜೋಡಿಸಿದ ಫೋನ್ ನಂಬರ್ ಇರುವ ಫೋನ್, ಬ್ಯಾಂಕಿನ ಆ್ಯಪ್, ಒಂದು ಕ್ಯಾಲ್ಕುಲೇಟರ್, ಒಂದು ಹಾಳೆ. ಹಾಳೆ ಯಾಕೆ ಅಂದರೆ, ಮೂರು ಯೋಜನೆಗಳ ಒಟ್ಟು ಮೊತ್ತವನ್ನು ಪಕ್ಕಪಕ್ಕ ಬರೆದಾಗ ಕಾಣುವ ವ್ಯತ್ಯಾಸ ಪರದೆಯ ಮೇಲೆ ಕಾಣುವುದಿಲ್ಲ. ಸಾಧ್ಯವಾದರೆ ಫೋನಿನಲ್ಲಿ ಬುಕ್ ಮಾಡಬೇಡಿ, ಕಂಪ್ಯೂಟರಿನಲ್ಲಿ ಮಾಡಿ. ಷರತ್ತುಗಳ ಸಣ್ಣಕ್ಷರ ಫೋನಿನಲ್ಲಿ ಯಾರೂ ಓದುವುದಿಲ್ಲ. ನಾನೂ ಓದುವುದಿಲ್ಲ.

ಹಂತ 1: ಇದು ಯಾವ ಬಗೆಯ ಕಂತು ಎಂದು ಗುರುತಿಸಿ

'ಕಂತು' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವ್ಯವಹಾರಗಳು ನಡೆಯುತ್ತವೆ. ಯಾವುದರಲ್ಲಿ ಇದ್ದೀರಿ ಎಂದು ಗೊತ್ತಿಲ್ಲದೆ ಮುಂದೆ ಹೋಗಬೇಡಿ.

ಮೊದಲನೆಯದು ಕ್ರೆಡಿಟ್ ಕಾರ್ಡಿನ ಇಎಂಐ. ವಿಮಾನ ಸಂಸ್ಥೆಗೆ ಪೂರ್ತಿ ಹಣ ಆಗಲೇ ಹೋಗುತ್ತದೆ, ನೀವು ಬ್ಯಾಂಕಿಗೆ ತಿಂಗಳು ತಿಂಗಳು ಕಟ್ಟುತ್ತೀರಿ. ಟಿಕೆಟ್ ತಕ್ಷಣ ಸಿಗುತ್ತದೆ. ಆದರೆ ಕಾರ್ಡಿನ ಮಿತಿಯಲ್ಲಿ ಪೂರ್ತಿ ಮೊತ್ತ ಹಿಡಿದಿಟ್ಟಿರುತ್ತಾರೆ. ತಿಂಗಳ ಕಂತು ಚಿಕ್ಕದು ಎಂದು ಮಿತಿಯೂ ಅಷ್ಟೇ ಕಡಿಮೆಯಾಗುತ್ತದೆ ಅಂದುಕೊಳ್ಳುವವರು ಬಹಳ. ಪ್ರವಾಸದಲ್ಲಿ ಹೋಟೆಲಿನವರು ಕಾರ್ಡ್ ಉಜ್ಜಿದಾಗ ತಿರಸ್ಕಾರ ಆಗುವುದು ಇದೇ ಕಾರಣಕ್ಕೆ.

ಎರಡನೆಯದು 'ಈಗ ಹಾರಿ, ಆಮೇಲೆ ಕಟ್ಟಿ' ಬಗೆಯದು. ಕ್ಲಾರ್ನಾ, ಅಫರ್ಮ್, ಪೇಪಾಲ್ ಥರದ ಕಂಪನಿಗಳು ಹಣ ಕಟ್ಟುವ ಪುಟದಲ್ಲೇ ಬಂದು ಕೂತಿರುತ್ತವೆ. ಟಿಕೆಟ್ ಇಲ್ಲೂ ತಕ್ಷಣ ಸಿಗುತ್ತದೆ, ಸಾಲ ಮಾತ್ರ ಆ ಕಂಪನಿಯ ಹೆಸರಲ್ಲಿ. ಇದರಲ್ಲೂ ಎರಡು ಥರ. ಪೇಪಾಲಿನ ನಾಲ್ಕು ಕಂತಿನ ಯೋಜನೆಯಲ್ಲಿ ಮೊದಲ ಕಂತು ಖರೀದಿ ದಿನವೇ, ಉಳಿದ ಮೂರು ಎರಡೆರಡು ವಾರಕ್ಕೊಂದು. ಅಂದರೆ ಆರು ವಾರದಲ್ಲಿ ಚುಕ್ತಾ, ಬಡ್ಡಿ ಇಲ್ಲ. ಇನ್ನೊಂದು ಥರ ಆರು, ಹನ್ನೆರಡು ತಿಂಗಳಿನದು, ಅದರಲ್ಲಿ ಸಾಮಾನ್ಯವಾಗಿ ಬಡ್ಡಿ ಇರುತ್ತದೆ. ಎರಡೂ ಒಂದೇ ಬಟನ್ನಿನ ಹಿಂದೆ ಇರಬಹುದು, ಹಾಗಾಗಿ ಒತ್ತಿದ ಮೇಲೆ ಏನು ಬಂತು ಅಂತ ಓದಿ.

ಮೂರನೆಯದರಲ್ಲೇ ಜನ ಜಾಸ್ತಿ ಬೀಳುವುದು. ಮುಂಗಡ ಕೊಟ್ಟು ಬುಕ್ ಮಾಡುತ್ತೀರಿ, ಕಂತುಗಳನ್ನು ಏಜೆಂಟಿಗೆ ಕಟ್ಟುತ್ತೀರಿ, ಕೊನೆಯ ಕಂತು ಮುಗಿದ ಮೇಲೆ ಟಿಕೆಟ್. ಸಾಲವಲ್ಲ, ಬಡ್ಡಿಯೂ ಇಲ್ಲದಿರಬಹುದು. ಆದರೆ ಕೊನೆಯ ಕಂತಿನವರೆಗೆ ನಿಮ್ಮ ಹತ್ತಿರ ಟಿಕೆಟ್ಟೇ ಇರುವುದಿಲ್ಲ! ನಡುವೆ ಬೆಲೆ ಏರಿದರೆ ಯಾರು ತುಂಬಿಕೊಡುತ್ತಾರೆ, ಒಂದು ಕಂತು ತಪ್ಪಿದರೆ ಮುಂಗಡ ಏನಾಗುತ್ತದೆ, ಏಜೆಂಟ್ ಅಂಗಡಿ ಮುಚ್ಚಿದರೆ ಯಾರನ್ನು ಕೇಳುವುದು? ಈ ಮೂರಕ್ಕೂ ಬರಹದಲ್ಲಿ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ ಎನ್ನುವುದೇ ನನ್ನ ಸಲಹೆ.

ಹಂತ 2: ನಿಮಗೆ ಅದು ಸಿಗುತ್ತದಾ ಅಂತ ಮೊದಲೇ ನೋಡಿ

ವಿಮಾನ ಹುಡುಕುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನಲ್ಲಿ ಬಾಕಿ ಉಳಿದ ಮಿತಿ ಎಷ್ಟು ಎಂದು ನೋಡಿ. ಟಿಕೆಟ್‌ನ ಪೂರ್ತಿ ಬೆಲೆಗಿಂತ ಸ್ವಲ್ಪ ಹೆಚ್ಚೇ ಇರಬೇಕು. ಹಾಗೇ ಆ ಕಾರ್ಡಿಗೆ ಇಎಂಐ ಸೌಲಭ್ಯ ಇದೆಯೋ ಇಲ್ಲವೋ ನೋಡಿಕೊಳ್ಳಿ, ಒಂದೇ ಬ್ಯಾಂಕಿನ ಎಲ್ಲ ಕಾರ್ಡಿಗೂ ಇರುವುದಿಲ್ಲ.

ಸಾಲದ ಕಂಪನಿಯಾದರೆ 'ನನಗೆ ಎಷ್ಟು ಸಿಗಬಹುದು' ಎಂದು ಮೊದಲೇ ನೋಡುವ ದಾರಿ ಇರುತ್ತದೆ. ಇದು ಬರೀ ಮೇಲ್ನೋಟದ ತಪಾಸಣೆಯಾದರೆ ಕ್ರೆಡಿಟ್ ಸ್ಕೋರಿಗೆ ಏನೂ ಆಗುವುದಿಲ್ಲ. ಪೂರ್ತಿ ಅರ್ಜಿ ಹಾಕಿದರೆ ಅದು ದಾಖಲಾಗುತ್ತದೆ. ಒಂದೇ ಸಂಜೆ ನಾಲ್ಕು ಕಡೆ ಪೂರ್ತಿ ಅರ್ಜಿ ಒತ್ತಿದರೆ ನಾಲ್ಕನೆಯವರು ನಿಮ್ಮನ್ನು ಅನುಮಾನದಿಂದ ನೋಡುವುದು ಸಹಜ, ಅಲ್ವಾ?

'ಕಂತಿನ ಆಯ್ಕೆಯೇ ಕಾಣಿಸುತ್ತಿಲ್ಲ' ಎನ್ನುವವರು ಕಾರಣಗಳನ್ನು ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಮೊತ್ತ ಕನಿಷ್ಠ ಮಿತಿಗಿಂತ ಕಡಿಮೆ ಇರಬಹುದು. ನಿಮ್ಮ ಬ್ಯಾಂಕು ಆ ಸೈಟಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಹೊರಡುವ ದಿನ ತೀರಾ ಹತ್ತಿರ ಇರಬಹುದು. ಕೊನೆಯ ಕಾರಣ ಯಾರಿಗೂ ಹೊಳೆಯುವುದಿಲ್ಲ: ಸೈಟು ಬೇರೆ ದೇಶದ ಹಣದಲ್ಲಿ ಬೆಲೆ ಹಾಕುತ್ತಿರುತ್ತದೆ. ವಿಮಾನ ಹೊರಡುವ ಊರು ಬೇರೆ ದೇಶದಲ್ಲಿದ್ದರೆ ಬೆಲೆಯೂ ಆ ದೇಶದ ಹಣಕ್ಕೆ ಬದಲಾಗುವುದುಂಟು. ಅಂಥ ವ್ಯವಹಾರಕ್ಕೆ ಕಂತು ಸಿಗುವುದು ಅಪರೂಪ, ಮೇಲೆ ವಿದೇಶಿ ವಿನಿಮಯದ ಶುಲ್ಕ ಬೇರೆ. ಪುಟದ ಮೇಲ್ಭಾಗದಲ್ಲಿ ದೇಶ ಮತ್ತು ಹಣದ ಆಯ್ಕೆ ಬದಲಿಸಿ ನೋಡಿ. ಬದಲಾಗದಿದ್ದರೆ ನಿಮ್ಮ ದೇಶದ ಹಣದಲ್ಲೇ ಬೆಲೆ ಹಾಕುವ ಬೇರೆ ಸೈಟು ನೋಡಬೇಕು.

ಹಂತ 3: ಬಡ್ಡಿ ಲೆಕ್ಕ ನೀವೇ ಹಾಕಿ

ಇಲ್ಲಿ ಹತ್ತು ನಿಮಿಷ ಕೂರಲೇಬೇಕು. ತಿಂಗಳ ಕಂತು ನೋಡಬೇಡಿ, ಒಟ್ಟು ಕಟ್ಟುವುದು ಎಷ್ಟು ಎಂದು ನೋಡಿ.

ಟಿಕೆಟ್ 60,000 ಎಂದುಕೊಳ್ಳಿ, ಯಾವ ದೇಶದ ಹಣವಾದರೂ ಸರಿ. ಇಬ್ಬರೂ 'ವರ್ಷಕ್ಕೆ ಶೇ. 12' ಎಂದೇ ಹೇಳುತ್ತಾರೆ. ಒಬ್ಬರದು ಫ್ಲ್ಯಾಟ್ ಬಡ್ಡಿ: 60,000ಕ್ಕೆ ಶೇ. 12 ಅಂದರೆ 7,200, ಒಟ್ಟು 67,200, ತಿಂಗಳಿಗೆ 5,600. ಇನ್ನೊಬ್ಬರದು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ: ತಿಂಗಳಿಗೆ ಸುಮಾರು 5,331, ವರ್ಷಕ್ಕೆ ಒಟ್ಟು ಬಡ್ಡಿ 3,971ರ ಆಸುಪಾಸು. ಶೇಕಡಾವಾರು ಒಂದೇ, ಬಡ್ಡಿ ಮಾತ್ರ ಹೆಚ್ಚುಕಮ್ಮಿ ಎರಡರಷ್ಟು. ಫ್ಲ್ಯಾಟ್ ಲೆಕ್ಕದಲ್ಲಿ ನೀವು ಆಗಲೇ ತೀರಿಸಿದ ಅಸಲಿಗೂ ವರ್ಷದ ಕೊನೆಯವರೆಗೆ ಬಡ್ಡಿ ಕಟ್ಟುತ್ತಿರುತ್ತೀರಿ. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಆ ಶೇ. 12 ನಿಜಕ್ಕೆ ಸುಮಾರು ಶೇ. 21.5. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: 'ಫ್ಲ್ಯಾಟಾ, ಉಳಿದ ಅಸಲಿನ ಮೇಲಾ?' ನೇರ ಉತ್ತರ ಬರದಿದ್ದರೆ ಕಂತನ್ನು ತಿಂಗಳುಗಳಿಂದ ಗುಣಿಸಿ, ಬೆಲೆ ಕಳೆಯಿರಿ. ಯಾರ ಬಾಯಿ ಮಾತೂ ಬೇಕಾಗಿಲ್ಲ.

ಅವಧಿ ಎಷ್ಟಿರಬೇಕು? ಅದೇ 60,000ಕ್ಕೆ ಶೇ. 15ರಂತೆ ಉಳಿದ ಅಸಲಿನ ಮೇಲೆ ಬಡ್ಡಿ ಇದ್ದರೆ, 6 ತಿಂಗಳಿಗೆ ಬಡ್ಡಿ ಸುಮಾರು 2,650, 12 ತಿಂಗಳಿಗೆ ಸುಮಾರು 4,990. ಕಂತು ಚಿಕ್ಕದಾದಷ್ಟೂ ಟಿಕೆಟ್ ದುಬಾರಿ. ನನ್ನ ಅಳತೆ ಬೇರೆ ಇದೆ: ಮುಂದಿನ ಪ್ರವಾಸ ಬರುವ ಮೊದಲು ಈ ಪ್ರವಾಸದ ಕಂತು ಮುಗಿಯಬೇಕು. ಆಗದಿದ್ದರೆ ನಿಮ್ಮ ಕೈಗೆ ಮೀರಿದ ಟಿಕೆಟ್ ಅದು.

'ಬಡ್ಡಿಯಿಲ್ಲದ ಇಎಂಐ' ಕಂಡಾಗಲೂ ಲೆಕ್ಕ ಬಿಡಬೇಡಿ. ಹಲವು ಕಡೆ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಮಾರುವವರು ಅಷ್ಟೇ ಮೊತ್ತವನ್ನು ಮುಂಚೆಯೇ ರಿಯಾಯಿತಿಯಾಗಿ ಕಳೆದಿರುತ್ತಾರೆ. ಸರಿಹೋಯಿತಲ್ಲ ಅನ್ನಿಸುತ್ತದೆ. ಆದರೆ ಸಂಸ್ಕರಣಾ ಶುಲ್ಕ, ಅಂದರೆ ಕಂತು ಮಾಡಿಕೊಡಲು ಬ್ಯಾಂಕು ಹಿಡಿಯುವ ಹಣ, ಉಳಿಯುತ್ತದೆ, ಬಡ್ಡಿಯ ಮೇಲೆ ತೆರಿಗೆ ಇರುವ ದೇಶಗಳಲ್ಲಿ ತೆರಿಗೆಯೂ ಉಳಿಯುತ್ತದೆ. ಒಂದೇ ಸಲ ಕಟ್ಟುವವರಿಗೆ ಬೇರೆ ರಿಯಾಯಿತಿ ಇದ್ದರೆ ಅದು ನಿಮಗೆ ತಪ್ಪುತ್ತದೆ. ಒಂದು ಟ್ಯಾಬಿನಲ್ಲಿ ಕಂತಿನ ಒಟ್ಟು, ಇನ್ನೊಂದು ಟ್ಯಾಬಿನಲ್ಲಿ ಪೂರ್ತಿ ಕಟ್ಟಿದರೆ ಬೀಳುವ ಒಟ್ಟು ಇಟ್ಟುಕೊಂಡು ನೋಡಿ. ಎರಡರ ನಡುವಿನ ಅಂತರವೇ ನಿಮ್ಮ ನಿಜವಾದ ಬಡ್ಡಿ.

ಬೇಗ ತೀರಿಸಿದರೆ ದಂಡ ಇದೆಯಾ ಎಂಬುದನ್ನೂ ಇಲ್ಲೇ ಬರೆದುಕೊಳ್ಳಿ. ಕಂತು ತಡವಾದರೆ ಎಷ್ಟು ದಂಡ ಎಂಬುದನ್ನೂ.

ಹಂತ 4: ಈಗ ವಿಮಾನ ಹುಡುಕಿ, ಪೂರ್ತಿ ಬೆಲೆ ಹಿಡಿಯಿರಿ

ಸಾಲದ ಮೊತ್ತ ಒಮ್ಮೆ ನಿಗದಿಯಾದ ಮೇಲೆ ಸೇರುವ ಖರ್ಚೆಲ್ಲ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಆದ್ದರಿಂದ ಬ್ಯಾಗು, ಸೀಟು, ಸೈಟಿನವರ ಸೇವಾ ಶುಲ್ಕ ಎಲ್ಲ ಸೇರಿಸಿದ ಬೆಲೆಗೇ ಕಂತಿನ ಲೆಕ್ಕ ಹಾಕಿ.

ಇಲ್ಲಿ ಅತಿ ಅಗ್ಗದ ಟಿಕೆಟ್ಟಿನ ಆಸೆಗೆ ಬೀಳಬೇಡಿ. ಅಂಥ ಟಿಕೆಟ್ ಎಷ್ಟೋ ಸಲ ರದ್ದು ಮಾಡಿದರೆ ಒಂದು ಕಾಸೂ ವಾಪಸ್ ಬಾರದ ಟಿಕೆಟ್. ಕೈಯಿಂದ ಹಣ ಕೊಟ್ಟು ಕೊಂಡಿದ್ದರೆ 'ಹೋಯ್ತು ಬಿಡು' ಅನ್ನಬಹುದು. ಸಾಲದಲ್ಲಿ ಕೊಂಡಿದ್ದರೆ ಹೋಗದ ಪ್ರವಾಸಕ್ಕೆ ತಿಂಗಳು ತಿಂಗಳೂ ಕಟ್ಟುತ್ತಾ ಕೂರಬೇಕು. ದಿನಾಂಕ ಗಟ್ಟಿ ಇಲ್ಲದಿದ್ದರೆ ಬದಲಿಸಲು ಬರುವ ಟಿಕೆಟ್ಟನ್ನೇ ತೆಗೆಯಿರಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸಾಲದ ಒಪ್ಪಿಗೆಗೆ ಸಮಯ ಬೇಕೆನಿಸಿದರೆ ಬೆಲೆ ಹಿಡಿದಿಡುವ ಸೌಲಭ್ಯ ಇದೆಯಾ ನೋಡಿ. ಕೆಲವು ವಿಮಾನ ಸಂಸ್ಥೆಗಳು ಚಿಕ್ಕ ಶುಲ್ಕಕ್ಕೆ ಒಂದರಿಂದ ಮೂರು ದಿನ ಬೆಲೆ ಹಿಡಿದಿಡುತ್ತವೆ.

ಹಂತ 5: ಹಣ ಕಟ್ಟುವ ಪುಟದಲ್ಲಿ

ಈ ಪುಟದಲ್ಲಿ ಕಾರ್ಡ್ ನಂಬರ್ ಹಾಕುವ ಎರಡು ಜಾಗ ಇರುತ್ತವೆ, ನೋಡಲು ಒಂದೇ ಥರ. ಒಂದು 'ಕ್ರೆಡಿಟ್ ಕಾರ್ಡ್' ಎಂಬ ಟ್ಯಾಬಿನಲ್ಲಿ, ಇನ್ನೊಂದು 'ಇಎಂಐ' ಎಂಬ ಟ್ಯಾಬಿನಲ್ಲಿ. ತೆರೆದುಕೊಳ್ಳುವುದು ಸಾಮಾನ್ಯವಾಗಿ ಮೊದಲನೆಯದು. ಅಲ್ಲಿ ನಂಬರ್ ಹಾಕಿದರೆ ಪೂರ್ತಿ ಹಣ ಒಂದೇ ಏಟಿಗೆ ಹೋಗುತ್ತದೆ. ಮೊದಲು ಇಎಂಐ ಟ್ಯಾಬ್, ಆಮೇಲೆ ಬ್ಯಾಂಕ್, ಆಮೇಲೆ ತಿಂಗಳು, ಕೊನೆಗೆ ಕಾರ್ಡ್ ನಂಬರ್. ಒಟಿಪಿ ಹಾಕುವ ಮೊದಲು ಕಂತು, ತಿಂಗಳು, ಒಟ್ಟು ಮೊತ್ತ ಮೂರೂ ಕಾಣುವ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಜಗಳ ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.

ತಪ್ಪು ಟ್ಯಾಬಿನಲ್ಲಿ ಕಟ್ಟಿಬಿಟ್ಟಿರಾ? ಗಾಬರಿ ಬೇಡ. ಹಲವು ಬ್ಯಾಂಕುಗಳು ಕೊಂಡ ಮೇಲೂ ಆ ಮೊತ್ತವನ್ನು ಕಂತಿಗೆ ಬದಲಿಸಿಕೊಡುತ್ತವೆ. ಆದರೆ ಅದಕ್ಕೊಂದು ಗಡುವು ಇರುತ್ತದೆ, ಬಿಲ್ ತಯಾರಾಗುವ ಮೊದಲೇ ಕೇಳುವುದು ಕ್ಷೇಮ. ಬಡ್ಡಿ ದರ ಬೇರೆಯಾಗಿರಬಹುದು, 'ಬಡ್ಡಿಯಿಲ್ಲದ' ಕೊಡುಗೆಯೂ ಆಗ ಸಿಗುವುದಿಲ್ಲ.

ಚಕ್ರ ತಿರುಗುತ್ತಾ ನಿಂತರೆ ಹಿಂದಕ್ಕೆ ಒತ್ತಬೇಡಿ, ಪುಟವನ್ನು ಮತ್ತೆ ತೆರೆಯಬೇಡಿ. ನಾನು ಒಮ್ಮೆ ತಾಳ್ಮೆ ತಪ್ಪಿ ಮತ್ತೆ ಒತ್ತಿದೆ. ಕಾರ್ಡಿನಲ್ಲಿ ಎರಡು ಸಲ ಹಣ ಹಿಡಿದರು, ಟಿಕೆಟ್ ಬಂದದ್ದು ಒಂದು. ಹಿಡಿದ ಹಣ ಕೆಲವು ದಿನಗಳಲ್ಲಿ ಬಿಟ್ಟುಹೋಯಿತು ನಿಜ, ಆದರೆ ಅಷ್ಟು ದಿನ ಕಾರ್ಡಿನ ಮಿತಿ ಬರಿದಾಗಿತ್ತು. ಮೊದಲು ಬ್ಯಾಂಕಿನ ಆ್ಯಪ್ ನೋಡಿ, ಇಮೇಲ್ ನೋಡಿ, ವಿಮಾನ ಸಂಸ್ಥೆಯ ಸೈಟಿನಲ್ಲಿ ಬುಕಿಂಗ್ ಇದೆಯಾ ನೋಡಿ. ಮೂರೂ ಕಡೆ ಏನೂ ಇಲ್ಲದಿದ್ದರೆ ಮಾತ್ರ ಎರಡನೇ ಪ್ರಯತ್ನ.

ಹಂತ 6: ಟಿಕೆಟ್ ನಿಜವಾಗಿ ಆಗಿದೆಯಾ

'ನಿಮ್ಮ ಬುಕಿಂಗ್ ಖಚಿತವಾಗಿದೆ' ಎಂಬ ಇಮೇಲ್ ನೋಡಿ ನಿಶ್ಚಿಂತರಾಗಬೇಡಿ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಅಂದರೆ ನಿಮ್ಮ ಹೆಸರಲ್ಲಿ ಒಂದು ಕಡತ ತೆರೆದಿದೆ ಅಂತ, ಅಷ್ಟೇ. ಟಿಕೆಟ್ ಅಂದರೆ 13 ಅಂಕಿಗಳ ಇ-ಟಿಕೆಟ್ ಸಂಖ್ಯೆ. ಅದರ ಮೊದಲ ಮೂರು ಅಂಕಿ ವಿಮಾನ ಸಂಸ್ಥೆಯ ಗುರುತು: ಏರ್ ಇಂಡಿಯಾ 098, ಎಮಿರೇಟ್ಸ್ 176, ಲುಫ್ತಾನ್ಸಾ 220, ಸಿಂಗಪುರ ಏರ್‌ಲೈನ್ಸ್ 618. ಪಾಲುದಾರ ಸಂಸ್ಥೆಗಳ ವಿಮಾನವಾದರೆ ಬೇರೆ ಸಂಸ್ಥೆಯ ಅಂಕಿ ಬರಬಹುದು, ಅದಕ್ಕೆ ಹೆದರಬೇಡಿ. ಕಡಿಮೆ ದರದ ಕೆಲವು ವಿಮಾನ ಸಂಸ್ಥೆಗಳು ಈ ಸಂಖ್ಯೆಯನ್ನೇ ಕೊಡದೆ ಪಿಎನ್‌ಆರ್‌ನಿಂದಲೇ ನಡೆಸುತ್ತವೆ. ಅಲ್ಲಿ ಬುಕಿಂಗ್ ಪುಟದಲ್ಲಿ 'ಹಣ ಸಂದಾಯವಾಗಿದೆ, ಬಾಕಿ ಇಲ್ಲ' ಎಂದು ಇದೆಯಾ ನೋಡಿ.

ಪರೀಕ್ಷಿಸುವುದು ಸುಲಭ. ಏಜೆಂಟಿನ ಸೈಟಿನಲ್ಲಿ ಅಲ್ಲ, ವಿಮಾನ ಸಂಸ್ಥೆಯ ಸ್ವಂತ ಸೈಟಿಗೆ ಹೋಗಿ ಪಿಎನ್‌ಆರ್ ಮತ್ತು ಮನೆತನದ ಹೆಸರು ಹಾಕಿ. ಏಜೆಂಟ್ ಕೊಡುವ ಉಲ್ಲೇಖ ಸಂಖ್ಯೆ ಎಷ್ಟೋ ಸಲ ಅವರದೇ ಸಂಖ್ಯೆ, ವಿಮಾನ ಸಂಸ್ಥೆಯ ಪಿಎನ್‌ಆರ್ ಬೇರೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಒಂದು ದಿನ ಕಳೆದರೂ ಟಿಕೆಟ್ ಸಂಖ್ಯೆ ಬರದಿದ್ದರೆ ಫೋನ್ ಮಾಡಿ.

ಹೆಸರಿನ ಕಾಗುಣಿತವನ್ನೂ ಇದೇ ದಿನ ನೋಡಿ, ತಪ್ಪಿದ್ದರೆ ದಂಡವಿಲ್ಲದೆ ರದ್ದು ಮಾಡಿ ಮತ್ತೆ ತೆಗೆಯುವ ಅವಕಾಶ ಕೆಲವೆಡೆ ಒಂದೇ ದಿನ ಇರುತ್ತದೆ. ಅಮೆರಿಕಕ್ಕೆ ಹೋಗಿಬರುವ ವಿಮಾನಗಳಿಗೆ, ಹೊರಡುವುದಕ್ಕೆ 7 ದಿನ ಅಥವಾ ಹೆಚ್ಚು ಇರುವಾಗ ವಿಮಾನ ಸಂಸ್ಥೆಯಲ್ಲೇ ಬುಕ್ ಮಾಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಅಥವಾ ಹಣ ಕಟ್ಟದೆ ಬೆಲೆ ಹಿಡಿದಿಡಲು ಅಲ್ಲಿನ ಸಾರಿಗೆ ಇಲಾಖೆಯ ನಿಯಮ ಅವಕಾಶ ಕೊಡುತ್ತದೆ. ಎರಡರಲ್ಲಿ ಯಾವುದು ಎಂಬುದು ಸಂಸ್ಥೆಯ ಆಯ್ಕೆ. ಏಜೆಂಟ್ ಮೂಲಕ ತೆಗೆದರೆ ಈ ನಿಯಮ ಅನ್ವಯಿಸುವುದಿಲ್ಲ.

ಹಂತ 7: ಮೊದಲ ಬಿಲ್

ಮೊದಲ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಕಂಡರೆ ಸುಮ್ನೆ ಕೂರಬೇಡಿ. ಇಎಂಐಗೆ ಬದಲಾಗುವುದಕ್ಕೆ ಕೆಲವು ದಿನ ಬೇಕಾಗುತ್ತದೆ, ನಡುವೆ ಬಿಲ್ ತಯಾರಾದರೆ ಹೀಗಾಗುವುದುಂಟು. ಬ್ಯಾಂಕಿಗೆ ಫೋನ್ ಮಾಡಿ ಈ ತಿಂಗಳು ಎಷ್ಟು ಕಟ್ಟಬೇಕು ಎಂದು ಬರಹದಲ್ಲಿ ಕೇಳಿ. ಕಂತು ತಾನಾಗಿ ಕತ್ತರಿಸಿಕೊಳ್ಳುವ ಏರ್ಪಾಡು ಇದ್ದರೆ, ಆ ತಾರೀಖು ಸಂಬಳ ಬಂದ ಮೇಲಿನದಾಗಿರಲಿ.

ಹಂತ 8: ರದ್ದು ಮಾಡಬೇಕಾದಾಗ

ಕ್ರಮ ಮುಖ್ಯ. ಮೊದಲು ವಿಮಾನ ಸಂಸ್ಥೆ ಅಥವಾ ಏಜೆಂಟಿನಲ್ಲಿ ರದ್ದು. ರೀಫಂಡ್ ಯಾವ ರೂಪದಲ್ಲಿ ಎಂದು ಬರಹದಲ್ಲಿ ಪಡೆಯಿರಿ. ಅದನ್ನು ಇಟ್ಟುಕೊಂಡು ಸಾಲ ಕೊಟ್ಟವರಿಗೆ ಹೇಳಿ. ರೀಫಂಡ್ ಲೆಕ್ಕಕ್ಕೆ ಬೀಳುವವರೆಗೆ ಕಂತು ನಿಲ್ಲಿಸಬೇಡಿ. 'ಹೇಗೂ ಹಣ ಬರುತ್ತದಲ್ಲ' ಎಂದು ನಿಲ್ಲಿಸಿದರೆ ದಂಡ ಬೀಳುತ್ತದೆ, ಸ್ಕೋರೂ ಕೆಡುತ್ತದೆ.

ಕಾರ್ಡಿಗೆ ರೀಫಂಡ್ ಬಂದರೂ ಇಎಂಐ ತಾನಾಗಿ ಮುಚ್ಚುತ್ತದೆ ಎಂದುಕೊಳ್ಳಬೇಡಿ. ಹಣ ಖಾತೆಯಲ್ಲಿ ಜಮೆಯಾಗಿ ಕೂತಿರುತ್ತದೆ, ಕಂತು ಪಾಡಿಗೆ ಕಂತು ನಡೆಯುತ್ತಿರುತ್ತದೆ. ಇಎಂಐ ರದ್ದು ಮಾಡಿ ಎಂದು ನೀವೇ ಕೇಳಬೇಕಾಗಬಹುದು. ಅಲ್ಲಿಯವರೆಗೆ ಕಟ್ಟಿದ ಬಡ್ಡಿ, ಸಂಸ್ಕರಣಾ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಇನ್ನು ವೋಚರ್, ಅಂದರೆ ಹಣದ ಬದಲು ಮುಂದೆ ಟಿಕೆಟ್ ಕೊಳ್ಳಲು ಕೊಡುವ ಚೀಟಿ. ನನಗೆ ಪೆಟ್ಟು ಬಿದ್ದದ್ದು ಇಲ್ಲಿ. ಪ್ರವಾಸ ಬೇಡವಾಗಿ ರದ್ದು ಮಾಡಿದೆ, ಪರದೆಯಲ್ಲಿ ಎರಡು ಆಯ್ಕೆ ಬಂತು, ದಪ್ಪ ಬಣ್ಣದ್ದನ್ನು ಒತ್ತಿದೆ. ಅದು ವೋಚರ್. ಕೆಳಗೆ ತೆಳು ಬೂದು ಅಕ್ಷರದಲ್ಲಿ 'ಮೂಲ ಪಾವತಿಗೆ ಹಿಂತಿರುಗಿಸಿ' ಎಂದಿತ್ತು, ಕಣ್ಣಿಗೆ ಬೀಳಲಿಲ್ಲ. ಏಳು ತಿಂಗಳು ಕಂತು ಕಟ್ಟಿದೆ, ಕೈಯಲ್ಲಿ ವೋಚರ್ ಇಟ್ಟುಕೊಂಡು. ಸಾಲ ಕೊಟ್ಟವರಿಗೆ ವೋಚರ್ ಕೊಟ್ಟು ಸಾಲ ತೀರಿಸಲು ಬರುವುದಿಲ್ಲವಲ್ಲ!

ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ನಿಮ್ಮ ಕೈ ಮೇಲೆ. ಯುರೋಪಿನ ಒಕ್ಕೂಟದ 261/2004 ನಿಯಮ ಅನ್ವಯಿಸುವ ವಿಮಾನವಾದರೆ ನೀವು ರೀಫಂಡ್ ಆರಿಸಿಕೊಂಡಾಗ 7 ದಿನದೊಳಗೆ ಹಣ ಕೊಡಬೇಕು, ವೋಚರ್ ಕೊಡಬೇಕೆಂದರೆ ನಿಮ್ಮ ಸಹಿಯ ಒಪ್ಪಿಗೆ ಬೇಕು. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ನಿಗದಿತ ಮೊತ್ತಗಳ ನಡುವಿನ ಖರೀದಿಗೆ ಮಾರಿದವರಷ್ಟೇ ಕ್ರೆಡಿಟ್ ಕಾರ್ಡ್ ಕೊಟ್ಟವರೂ ಹೊಣೆ. ನಿಮ್ಮ ದೇಶದ ನಿಯಮವನ್ನು ಬುಕ್ ಮಾಡುವ ಮೊದಲೇ ಓದಿಟ್ಟುಕೊಳ್ಳಿ.

ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಒಟ್ಟು ಮೊತ್ತ ಎಲ್ಲೂ ತೋರಿಸದೆ ಬರೀ ತಿಂಗಳ ಕಂತು ತೋರಿಸುತ್ತಿದ್ದರೆ. ಕಂತನ್ನು ಒಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಹಾಕಿ ಎಂದರೆ. 'ಇವತ್ತೇ ಕಟ್ಟದಿದ್ದರೆ ಯೋಜನೆ ಮುಗಿಯುತ್ತದೆ' ಎಂದು ಫೋನಿನಲ್ಲಿ ಒತ್ತಾಯಿಸಿ, ಷರತ್ತು ಇಮೇಲ್ ಮಾಡಿ ಎಂದಾಗ ಮಾತು ತೇಲಿಸಿದರೆ. ಒಟಿಪಿ ಓದಿ ಹೇಳಿ ಎಂದರೆ, ಅಲ್ಲಿಗೆ ಮಾತೇ ಮುಗಿಯಿತು, ಫೋನ್ ಇಡಿ. ಹಣ ಕಟ್ಟಿಸಿಕೊಂಡು, ಟಿಕೆಟ್ ಸಂಖ್ಯೆ ಕೇಳಿದರೆ 'ಹೊರಡುವ ಎರಡು ದಿನ ಮೊದಲು ಕೊಡುತ್ತೇವೆ' ಎನ್ನುವವರೂ ಇದ್ದಾರೆ. ಅದು ಮುಂಗಡದ ಯೋಜನೆ ಎಂದು ನಿಮಗೆ ಮೊದಲೇ ಹೇಳಿರದಿದ್ದರೆ, ಅದೇ ದಿನ ಬ್ಯಾಂಕಿಗೆ ದೂರು ಕೊಡಿ. ಕಾರ್ಡಿನ ವ್ಯವಹಾರವನ್ನು ಪ್ರಶ್ನಿಸಲು ಗಡುವು ಇರುತ್ತದೆ, ಪ್ರಯಾಣದ ದಿನದವರೆಗೆ ಕಾದರೆ ಆ ಗಡುವೂ ದಾಟಿರಬಹುದು.